ಕಾಣದಿರಲೆಂದು ಬಳಿದ ಬಣ್ಣ

1940ರ ಜೂನ್ ತಿಂಗಳಲ್ಲಿ ಬ್ರಿಟನ್ನಿನ ಕಾಳಗದ ವಿಮಾನಗಳ ಹೊಟ್ಟೆಗೆ ಹೊಸದೊಂದು ಬಣ್ಣ ಬಳಿಯಬೇಕೆಂದು ಆದೇಶ ಹೊರಟಿತು. ಬಣ್ಣದ ಹೆಸರು ‘ಸ್ಕೈ’. ಹೆಸರು ಆಕಾಶದ್ದಾದರೂ ಅದು ನಾವು ಹೇಳುವ ಆಕಾಶನೀಲಿಯಲ್ಲ. ಹಸಿರು ಬೆರೆತ, ಹಾಲು ಹೊಯ್ದಂತೆ ಬಿಳಿಚಿಕೊಂಡ ಒಂದು ಬಣ್ಣ. ಆದೇಶವೇನೋ ಬಂತು, ಬಣ್ಣದ ಡಬ್ಬಿಗಳು ಬೇಕಾದಷ್ಟು ಬರಲಿಲ್ಲ. ಮೇಲೆ ಜರ್ಮನ್ ವಿಮಾನಗಳು ಸುತ್ತುತ್ತಿರುವಾಗ ಸರಿಯಾದ ಡಬ್ಬಿಗಾಗಿ ಕಾದು ಕೂರುವವರು ಯಾರು? ಉಗ್ರಾಣದಲ್ಲಿದ್ದ ನೀಲಿ, ಬಿಳಿ, ಹಳದಿಗಳನ್ನು ಕಲಸಿ ಒಂದೊಂದು ದಳದವರು ಒಂದೊಂದು ‘ಸ್ಕೈ’ ಮಾಡಿಕೊಂಡರು. ಒಬ್ಬರದು ಬಾತುಕೋಳಿಯ ಮೊಟ್ಟೆಯಂತೆ ಹಸಿರಾಯಿತು, ಇನ್ನೊಬ್ಬರದು ನೀಲಿಯಾಯಿತು. ಆ ಬೇಸಿಗೆಯ ಕಾಳಗ ಮುಗಿದು ಎಂಬತ್ತು ವರ್ಷ ದಾಟಿದೆ. ಹಾರಿಸಿದವರೂ ಇಲ್ಲ, ಬಳಿದವರೂ ಇಲ್ಲ. ಆದರೆ ಅಂಗೈ ಅಗಲದ ಪ್ಲಾಸ್ಟಿಕ್ ಸ್ಪಿಟ್‌ಫೈರ್ ಎದುರಿಗಿಟ್ಟುಕೊಂಡು, ಇಂಥ ದಳದ ಇಂಥ ವಿಮಾನದ ಹೊಟ್ಟೆ ಇಂಥ ದಿನ ಯಾವ ಬಣ್ಣದ್ದಾಗಿತ್ತು ಎಂದು ತಲೆ ಕೆಡಿಸಿಕೊಳ್ಳುವವರು ಜಗತ್ತಿನ ಹಲವು ದೇಶಗಳಲ್ಲಿ ಇದ್ದಾರೆ.

ಇದನ್ನು ಕೇಳಿ ನಗುವವರೇ ಹೆಚ್ಚು. ಯಾವ ಬಣ್ಣವಾದರೇನು, ಗೊಂಬೆ ತಾನೇ ಎನ್ನುತ್ತಾರೆ. ನನಗೆ ಈ ನಗುವಿನ ಹಿಂದೆ ಒಂದು ಗಟ್ಟಿಯಾದ ಪ್ರಶ್ನೆ ಕೂತಿದೆ ಅನ್ನಿಸುತ್ತದೆ. ಯಾರಿಗೂ ಉಪಯೋಗವಿಲ್ಲದ, ತಪ್ಪಾದರೂ ಯಾರಿಗೂ ನಷ್ಟವಾಗದ ಒಂದು ಸಣ್ಣ ಸಂಗತಿಯ ವಿಷಯದಲ್ಲಿ ಸತ್ಯವಂತರಾಗಿರಬೇಕೇ? ಅದರ ಜೊತೆಗೇ ಇನ್ನೊಂದು, ಇದಕ್ಕಿಂತ ಕಹಿಯಾದದ್ದು: ಕೊಲ್ಲಲೆಂದೇ ಮಾಡಿದ ಯಂತ್ರದ ಮೈಬಣ್ಣದ ಬಗ್ಗೆ ಇಷ್ಟು ನಿಷ್ಠೆ ತೋರಿಸುವಾಗ, ಅದು ಕೊಂದವರ ಬಗ್ಗೆ ನಮ್ಮ ನಿಷ್ಠೆ ಎಲ್ಲಿ ಹೋಗಿರುತ್ತದೆ?

ಈ ವಿಚಾರ ನನ್ನ ತಲೆಗೆ ಹತ್ತಿದ್ದು ನನ್ನ ತಂಗಿಯ ಮಗನಿಂದ. ಬೆಂಗಳೂರಿನಲ್ಲಿ ಕೆಲಸಕ್ಕಿದ್ದಾನೆ. ಸಂಬಳದ ಒಂದು ಪಾಲು ಪ್ಲಾಸ್ಟಿಕ್ ಕಿಟ್‌ಗಳಿಗೆ, ಇನ್ನೊಂದು ಪಾಲು ಬಣ್ಣದ ಶೀಷೆಗಳಿಗೆ ಹೋಗುತ್ತದೆ. ಅವನ ಮೇಜಿನ ಮೇಲೆ ನನ್ನ ಕಣ್ಣಿಗೆ ಒಂದೇ ಥರ ಕಾಣುವ ಹಸಿರುಗಳು ಹನ್ನೆರಡೋ ಹದಿಮೂರೋ ಇವೆ. ‘ಎಲ್ಲಾ ಒಂದೇ ಅಲ್ವೇನೋ’ ಎಂದರೆ, ‘ಮಾವ, ನಿಮಗೆ ಅಡಿಕೆಯಲ್ಲಿ ಹಸ, ಬೆಟ್ಟೆ, ರಾಶಿ ಬೇರೆ ಬೇರೆ ಕಾಣುತ್ತೋ ಇಲ್ವೋ’ ಎನ್ನುತ್ತಾನೆ. ಮಾತು ಸರಿ. ಕಣ್ಣು ಬಾಳುವೆಯಿಂದ ಪಳಗುತ್ತದೆ. ಹೊಸದುರ್ಗದ ಸಂತೆಯಲ್ಲಿ ಕೊಬ್ಬರಿ ಕೊಳ್ಳುವವನು ಕಾಣುವ ಬಿಳುಪುಗಳು ಬೆಂಗಳೂರಿನ ಪೇಂಟ್ ಅಂಗಡಿಯವನಿಗೆ ಕಾಣವು.

ಕೆಲಸದ ಸೂಕ್ಷ್ಮ ನೋಡಿದರೆ ನಗು ತಾನಾಗಿ ಕಡಿಮೆಯಾಗುತ್ತದೆ. ಮೊದಲನೆಯ ತೊಡಕು ಫೋಟೋಗಳದು. ಆ ಕಾಲದ ಫೋಟೋಗಳಲ್ಲಿ ಬಹುಪಾಲು ಕಪ್ಪುಬಿಳುಪಿನವು. ಕಪ್ಪುಬಿಳುಪು ಫಿಲ್ಮಿನಲ್ಲೂ ಬಗೆಗಳಿದ್ದವು. ಆರ್ಥೋಕ್ರೊಮ್ಯಾಟಿಕ್ ಎಂಬ ಹಳೆಯ ಬಗೆಯ ಫಿಲ್ಮಿಗೆ ಕೆಂಪು ಕಾಣುತ್ತಲೇ ಇರಲಿಲ್ಲ. ಕೆಂಪು, ಹಳದಿಗಳು ಅದರಲ್ಲಿ ಕಪ್ಪಾಗಿ, ನೀಲಿ ಬೆಳ್ಳಗೆ ಮೂಡುತ್ತಿದ್ದವು. ಅಂಥ ಚಿತ್ರವನ್ನು ನಂಬಿ ಬಣ್ಣ ಹಚ್ಚಿದವನ ವಿಮಾನದಲ್ಲಿ ಹಗುರಾಗಿರಬೇಕಾದ ಕಡೆ ಕಪ್ಪು, ಗಾಢವಾಗಿರಬೇಕಾದ ಕಡೆ ತಿಳಿ. ಎರಡನೆಯದು ಬಿಸಿಲು. ಅಮೆರಿಕದ ಸೈನ್ಯ ಬಳಸಿದ ‘ಆಲಿವ್ ಡ್ರಾಬ್’ ಎಂಬ ಬಣ್ಣ ಕಾರ್ಖಾನೆಯಿಂದ ಹೊರಟಾಗ ಮಬ್ಬುಹಸಿರು. ಬರ್ಮಾ, ಬಂಗಾಳ, ಶಾಂತಸಾಗರದ ದ್ವೀಪಗಳ ಬಿಸಿಲಲ್ಲಿ ಕೆಲವು ತಿಂಗಳು ನಿಂತರೆ ಕಂದಾಗಿ, ಕೆಲವೊಮ್ಮೆ ನಸುನೇರಳೆಗೂ ತಿರುಗುತ್ತಿತ್ತು. ಒಂದೇ ವಿಮಾನದ ರೆಕ್ಕೆ ಒಂದು ಬಣ್ಣ, ಬಾಲ ಒಂದು ಬಣ್ಣ. ಜಪಾನಿನ ಝೀರೋ ವಿಮಾನದ್ದು ಇನ್ನೂ ದೊಡ್ಡ ವ್ಯಾಜ್ಯ. ಬೂದು ಎಂದವರಿದ್ದಾರೆ, ಹಸಿರು ಬೆರೆತ ಬೂದು ಎಂದವರಿದ್ದಾರೆ, ಅಲ್ಲಿನ ಪಾಕದ ಮಿಠಾಯಿಯ ಹೆಸರಿನಿಂದ ಕರೆಯುವ ‘ಅಮೆ-ಇರೋ’ ಎಂಬ ಬಣ್ಣ ಎಂದು ವಾದಿಸಿದವರೂ ಇದ್ದಾರೆ.

ಮೂರನೆಯದು ಇನ್ನೂ ಸೋಜಿಗದ್ದು. ಮಾದರಿ 1:72 ಅಳತೆಯದಾದರೆ, ಅದನ್ನು ಒಂದಡಿ ದೂರದಿಂದ ನೋಡುವುದೆಂದರೆ ನಿಜವಾದ ವಿಮಾನವನ್ನು ಎಪ್ಪತ್ತೆರಡು ಅಡಿ ದೂರದಿಂದ ನೋಡಿದಂತೆ. ಅಷ್ಟು ದೂರದಲ್ಲಿ ನಡುವಿನ ಗಾಳಿ, ಬೆಳಕು, ಧೂಳು ಬಣ್ಣವನ್ನು ತಿಳಿಗೊಳಿಸುತ್ತವೆ. ಹಾಗಾಗಿ ಅಸಲಿ ಬಣ್ಣದ ಡಬ್ಬಿಯನ್ನೇ ತಂದು ಮಾದರಿಗೆ ಬಳಿದರೆ ಅದು ಕಪ್ಪಾಗಿ, ಸುಳ್ಳಾಗಿ ಕಾಣುತ್ತದೆ. ಸ್ವಲ್ಪ ಬಿಳಿ ಬೆರೆಸಿ ಬಣ್ಣವನ್ನು ‘ತಪ್ಪು’ ಮಾಡಿದರೆ ಮಾತ್ರ ಸರಿಯಾಗಿ ಕಾಣುತ್ತದೆ. ಇದನ್ನು ಅವರು ಸ್ಕೇಲ್ ಎಫೆಕ್ಟ್ ಎನ್ನುತ್ತಾರೆ. ಎಷ್ಟು ಬಿಳಿ ಬೆರೆಸಬೇಕು ಎಂಬ ಬಗ್ಗೆ ಜಗಳವಿದ್ದೇ ಇದೆ.

ನಮ್ಮ ಹೆಂಗಸರಿಗೆ ಇದರ ಅರ್ಧ ವಿದ್ಯೆ ಹುಟ್ಟಿನಿಂದಲೇ ಗೊತ್ತು. ರೇಷ್ಮೆ ಸೀರೆ ಕೊಳ್ಳುವಾಗ ಅಂಗಡಿಯ ಟ್ಯೂಬ್‌ಲೈಟಿನ ಕೆಳಗೆ ಒಪ್ಪಿದ ಸೀರೆಯನ್ನು ಬಾಗಿಲಾಚೆ ಒಯ್ದು ಬಿಸಿಲಿಗೆ ಹಿಡಿದು ನೋಡದೆ ದುಡ್ಡು ಎಣಿಸುವುದಿಲ್ಲ. ಒಳಗೆ ಒಂದೇ ಎನಿಸಿದ ರವಿಕೆ, ಸೆರಗುಗಳು ಹೊರಗೆ ಬೇರೆಯಾಗಿಬಿಡುತ್ತವೆ. ಹಾಗಾದರೆ ಸೀರೆಯ ನಿಜವಾದ ಬಣ್ಣ ಯಾವುದು, ಒಳಗಿನದೋ ಹೊರಗಿನದೋ? ಅಂಗಡಿಯವನನ್ನು ಕೇಳಿದರೆ ಎರಡೂ ಎನ್ನುತ್ತಾನೆ. ಅವನು ವ್ಯಾಪಾರಕ್ಕೆ ಹೇಳಿದ್ದನ್ನು ಜೈನರು ಶಾಸ್ತ್ರವಾಗಿ ಹೇಳಿದರು: ‘ಸ್ಯಾತ್’, ಅಂದರೆ ಒಂದು ನಿಲುವಿನಿಂದ ನೋಡಿದರೆ ಹೀಗೆ. ಯಾವ ದೂರದಿಂದ, ಯಾವ ಬೆಳಕಿನಲ್ಲಿ, ಯಾವ ದಿನ ಎಂಬುದನ್ನು ಸೇರಿಸದೆ ‘ಈ ವಿಮಾನ ಹಸಿರು’ ಎಂದರೆ ಮಾತು ಅರ್ಧವಾಗಿಯೇ ಉಳಿಯುತ್ತದೆ. ಸ್ಯಾದ್ವಾದವನ್ನು ‘ಯಾರು ಏನು ಬೇಕಾದರೂ ಹೇಳಬಹುದು’ ಎಂದು ಅರ್ಥ ಮಾಡಿಕೊಳ್ಳುವವರುಂಟು. ಅದು ಹೇಳುವುದು ಹೆಚ್ಚುಕಡಿಮೆ ಇದಕ್ಕೆ ವಿರುದ್ಧವಾದದ್ದನ್ನು. ನಿಲುವನ್ನು ಗೊತ್ತುಪಡಿಸಿದ ಮೇಲೆ ಉತ್ತರ ಬಿಗಿಯಾಗುತ್ತದೆ, ಜಾರಿಕೊಳ್ಳಲು ಜಾಗ ಉಳಿಯುವುದಿಲ್ಲ.

ಇಲ್ಲಿ ಒಂದು ವಿಚಿತ್ರವನ್ನು ಗಮನಿಸಬೇಕು. ಈ ಬಣ್ಣಗಳನ್ನು ಬಳಿದದ್ದೇ ಕಾಣಬಾರದೆಂದು. ಮೇಲಿನಿಂದ ನೋಡಿದವನಿಗೆ ಹೊಲದಂತೆ, ಕೆಳಗಿನಿಂದ ನೋಡಿದವನಿಗೆ ಮುಗಿಲಿನಂತೆ ಕಂಡು ಕಣ್ಣು ತಪ್ಪಿಸುವುದು ಅವುಗಳ ಕೆಲಸ. ಅದೊಂದು ಬಳಿದ ಸುಳ್ಳು. ಮಾದರಿ ಮಾಡುವವನು ಆ ಸುಳ್ಳಿನ ಬಗ್ಗೆ ಸತ್ಯ ಹೇಳಲು ಹೊರಟವನು. ಕನ್ನಡದಲ್ಲಿ ಇದಕ್ಕೆ ತಕ್ಕ ತಮಾಷೆ ಮೊದಲೇ ಇದೆ. ವರ್ಣ ತದ್ಭವವಾಗಿ ಬಣ್ಣ, ವರ್ಣಿಸು ಬಣ್ಣಿಸು. ಇದ್ದದ್ದನ್ನು ಇದ್ದಂತೆ ಹೇಳುವುದಕ್ಕೂ ‘ಬಣ್ಣಿಸು’. ಇಲ್ಲದ್ದನ್ನು ಸೇರಿಸಿ ಹೇಳಿದರೆ ‘ಬಣ್ಣ ಹಚ್ಚಿ ಹೇಳಿದ’. ನಂಬಿಸಲು ಆಡಿದ್ದು ಬಣ್ಣದ ಮಾತು, ಸಿಕ್ಕಿಬಿದ್ದರೆ ಬಣ್ಣ ಬಯಲು. ಸತ್ಯಕ್ಕೂ ಸುಳ್ಳಿಗೂ ಒಂದೇ ಡಬ್ಬಿಯಿಂದ ಕುಂಚ ಅದ್ದುವ ಭಾಷೆ ನಮ್ಮದು.

ಹಾಗೆ ನೋಡಿದರೆ, ದಾಖಲೆಗೆ ನಿಷ್ಠವಾದ ಬಣ್ಣ ಎಂಬ ಕಲ್ಪನೆಯೇ ನಮ್ಮ ಸೀಮೆಗೆ ಹೊಸದು. ತೊಗಲುಗೊಂಬೆಯಲ್ಲಿ ರಾಮನ ಬಣ್ಣವನ್ನು ಯಾರೂ ಅಯೋಧ್ಯೆಯ ಕಡತ ನೋಡಿ ಹಚ್ಚುವುದಿಲ್ಲ. ರಾಕ್ಷಸನಿಗೆ ಕೆಂಪು ಹಾಕುವುದು ರಾಕ್ಷಸತನಕ್ಕೆ. ಕಿನ್ನಾಳದ ಗರುಡನಿಗೆ, ಬಯಲಾಟದ ವೇಷಕ್ಕೆ ಬಣ್ಣ ಬರುವುದು ಗುಣದಿಂದ. ಅಲ್ಲಿ ತಪ್ಪು ಬಣ್ಣ ಎಂದರೆ ಸ್ವಭಾವವನ್ನು ತಪ್ಪಾಗಿ ತಿಳಿದದ್ದು. ಊರಿನ ಹಳೆಯ ಕಲ್ಲುಗುಡಿಗೆ ಜೀರ್ಣೋದ್ಧಾರದ ಹೆಸರಲ್ಲಿ ಎನಾಮಲ್ ಪೇಂಟ್ ಹೊಡೆದರೂ ನಮ್ಮ ಜನ ಬೇಸರಪಡುವುದಿಲ್ಲ. ದೇವರು ಈಗಲೂ ಇದ್ದಾನೆ, ಈಗಿನ ಬಣ್ಣ ಹಾಕಿಸಿಕೊಳ್ಳುತ್ತಾನೆ, ಅಷ್ಟೇ. ಇದನ್ನು ಅಜ್ಞಾನ ಎಂದು ತಳ್ಳಿಹಾಕಲು ನನಗೆ ಮನಸ್ಸಿಲ್ಲ. ಬದುಕಿರುವ ವಸ್ತುವಿಗೆ ಬಣ್ಣ ಬದಲಾಗುತ್ತದೆ. ನಿಂತುಹೋದ ವಸ್ತುವಿಗೆ ಮಾತ್ರ ‘ಸರಿಯಾದ ಬಣ್ಣ’ ಎಂಬುದಿರುತ್ತದೆ. ವಿಮಾನವೊಂದರ ನಿಖರ ಬಣ್ಣ ಕೇಳುವವನು ಮೊದಲು ಅದನ್ನು ಯಾವುದೋ ಒಂದು ದಿನದಲ್ಲಿ ನಿಲ್ಲಿಸಬೇಕು. ಯಾವ ದಿನ? ಆರಿಸುವವರು ಯಾರು?

ಈ ಪ್ರಶ್ನೆಗೆ ನಮ್ಮ ರಾಜ್ಯದಲ್ಲೇ ಒಳ್ಳೆಯ ಉದಾಹರಣೆ ಇದೆ. 1940ರ ಡಿಸೆಂಬರ್ 23ರಂದು ವಾಲ್‌ಚಂದ್ ಹೀರಾಚಂದ್ ಮೈಸೂರು ಸಂಸ್ಥಾನದ ನೆರವಿನಿಂದ ಬೆಂಗಳೂರಿನಲ್ಲಿ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಂಪನಿ ಶುರುಮಾಡಿದರು, ಈಗಿನ ಎಚ್‌ಎಎಲ್. ಯುದ್ಧ ಜೋರಾದ ಮೇಲೆ, 1943ರಲ್ಲಿ, ಕಾರ್ಖಾನೆ ಅಮೆರಿಕದ ವಾಯುಪಡೆಯ ಉಸ್ತುವಾರಿಗೆ ಹೋಯಿತು. ಬರ್ಮಾ ರಂಗದಿಂದ ಬಂದ ವಿಮಾನಗಳು ಅಲ್ಲಿ ದುರಸ್ತಿಯಾಗುತ್ತಿದ್ದವು. ಯುದ್ಧ ಮುಗಿದಾಗ ಬ್ರಿಟಿಷರು ತಮ್ಮಲ್ಲಿದ್ದ ಅಮೆರಿಕನ್ ಲಿಬರೇಟರ್ ಬಾಂಬರ್‌ಗಳನ್ನು ಕಾನ್ಪುರದಲ್ಲಿ ಸಾಲಾಗಿ ಬಿಟ್ಟು, ಮುಂದೆ ಯಾರೂ ಹಾರಿಸಬಾರದೆಂದು ಕೆಡಿಸಿ ಹೋದರು. ಸ್ವಾತಂತ್ರ್ಯದ ನಂತರ ಎಚ್‌ಎಎಲ್‌ನವರು ಆ ಗುಜರಿಯಲ್ಲಿ ಹುಡುಕಿ, ಹಾರುವಷ್ಟು ರಿಪೇರಿ ಮಾಡಿ, ಒಂದೊಂದನ್ನೇ ಬೆಂಗಳೂರಿಗೆ ತಂದರು. ತಂದವರು ಕಂಪನಿಯ ಪೈಲಟ್ ಜಮ್‌ಶೆಡ್ ಮುನ್ಷಿ. ಗುಜರಿಗೆ ಬಿದ್ದ ನಾಲ್ಕು ಎಂಜಿನ್ನಿನ ಬಾಂಬರಿನಲ್ಲಿ ಕೂತು ಕಾನ್ಪುರದಿಂದ ಬೆಂಗಳೂರಿಗೆ ಬರುವುದೆಂದರೆ ಏನು ಎಂದು ಓದುಗರೇ ಊಹಿಸಿಕೊಳ್ಳಲಿ. ಬೆಂಗಳೂರಿನಲ್ಲಿ ಪೂರಾ ದುರಸ್ತಿಯಾದ ಆ ವಿಮಾನಗಳು 1968ರವರೆಗೆ ಭಾರತೀಯ ವಾಯುಪಡೆಯಲ್ಲಿ ಹಾರಿದವು. ಜಗತ್ತಿನ ಉಳಿದ ದೇಶಗಳು ಲಿಬರೇಟರ್‌ಗಳನ್ನು ಕರಗಿಸಿ ಪಾತ್ರೆ ಮಾಡಿದ ಮೇಲೂ ನಮ್ಮಲ್ಲಿ ಇದ್ದವು. ಆದ್ದರಿಂದಲೇ ಇವತ್ತು ಲಂಡನ್ನಿನ ರಾಯಲ್ ಏರ್ ಫೋರ್ಸ್ ಮ್ಯೂಸಿಯಂ ಸೇರಿದಂತೆ ಹಲವು ದೇಶಗಳ ವಸ್ತುಸಂಗ್ರಹಾಲಯಗಳಿಗೆ ಲಿಬರೇಟರ್ ಹೋಗಿರುವುದು ಭಾರತದಿಂದ.

ಅವುಗಳಲ್ಲಿ ಒಂದರ ಕತೆ ಕೇಳಿ. 1944ರ ಆಗಸ್ಟ್‌ನಲ್ಲಿ ಟೆಕ್ಸಾಸಿನ ಫೋರ್ಟ್ ವರ್ತ್‌ನಲ್ಲಿ ತಯಾರಾದ ವಿಮಾನ. ಒಂದೆರಡು ತಿಂಗಳಲ್ಲೇ ಬ್ರಿಟಿಷರಿಗೆ ಹೋಯಿತು. ಯುದ್ಧ ಮುಗಿದಾಗ ಕಾನ್ಪುರದ ಗುಜರಿ. ಆಮೇಲೆ ಸುಮಾರು ಇಪ್ಪತ್ತು ವರ್ಷ ಭಾರತೀಯ ವಾಯುಪಡೆ. ಎಂಬತ್ತರ ದಶಕದಲ್ಲಿ ಬಿಚ್ಚಿಕೊಂಡು ಬ್ರಿಟನ್ನಿಗೆ, ಅಲ್ಲಿಂದ ಅಮೆರಿಕದ ಕಾಲಿಂಗ್ಸ್ ಫೌಂಡೇಶನ್ನಿಗೆ. 1989ರಲ್ಲಿ ಅದು ಮತ್ತೆ ಹಾರಿದಾಗ ಅದರ ಮೈಮೇಲೆ ಇದ್ದದ್ದು ಇಟಲಿಯಿಂದ ಹಾರುತ್ತಿದ್ದ ‘ಆಲ್ ಅಮೆರಿಕನ್’ ಎಂಬ ಬಾಂಬರಿನ ಬಣ್ಣ. 1998ರಲ್ಲಿ ಶಾಂತಸಾಗರದ ‘ಡ್ರ್ಯಾಗನ್ ಅಂಡ್ ಹಿಸ್ ಟೇಲ್’. 2005ರಲ್ಲಿ ‘ವಿಚ್‌ಕ್ರಾಫ್ಟ್’. ಮೂರೂ ನಿಜವಾಗಿ ಇದ್ದ ವಿಮಾನಗಳು, ಬಣ್ಣಗಳನ್ನು ಚಿತ್ರ ನೋಡಿ ಶ್ರದ್ಧೆಯಿಂದ ಹಾಕಿದ್ದು. ಆದರೆ ಮೂರೂ ಬೇರೆಯವರ ಬಣ್ಣ. ತಾನು ನಿಜವಾಗಿ ಅತಿ ಹೆಚ್ಚು ಕಾಲ ಧರಿಸಿದ್ದ ಗುರುತು, ಕೇಸರಿ ಬಿಳಿ ಹಸಿರಿನ ವರ್ತುಲ, ಅದರ ಮೈಮೇಲೆ ಮರಳಲಿಲ್ಲ.

ನಾನು ಅವರನ್ನು ದೂರುತ್ತಿಲ್ಲ. ಅಮೆರಿಕದ ಮುದುಕರು ತಮ್ಮ ಯೌವನದ ವಿಮಾನ ನೋಡಲು ಬರುವ ಕಡೆ ಅವರ ಬಣ್ಣ ಹಚ್ಚುವುದು ಸಹಜ. ಆದರೂ, ಕಾನ್ಪುರದಲ್ಲಿ ಆ ಎಂಜಿನ್‌ಗಳನ್ನು ಬಿಚ್ಚಿ ತೊಳೆದ, ಬೆಂಗಳೂರಿನ ಷೆಡ್ಡಿನಲ್ಲಿ ತಗಡು ಬಡಿದು ರಿವೆಟ್ ಹೊಡೆದ ಕೈಗಳ ಇಪ್ಪತ್ತು ವರ್ಷ ಈ ನಿಖರತೆಯೊಳಗೆ ಎಲ್ಲೂ ಬರಲಿಲ್ಲವಲ್ಲ ಎನಿಸುತ್ತದೆ. ಇಲ್ಲಿ ಯಾರೂ ಸುಳ್ಳು ಹೇಳಿಲ್ಲ. ಒಂದು ದಿನಾಂಕ ಆರಿಸಿದರು, ಉಳಿದ ದಿನಾಂಕಗಳು ಬಣ್ಣದ ಕೆಳಗೆ ಹೋದವು. ನಿಖರತೆಯ ಹೆಸರಿನಲ್ಲಿ ಅನ್ಯಾಯ ನಡೆಯುವುದಾದರೆ ಹೆಚ್ಚಾಗಿ ಹೀಗೇ, ಸದ್ದಿಲ್ಲದೆ.

ಕಳೆದ ಯುಗಾದಿಗೆ ಹುಡುಗ ಬಾಗೂರಿಗೆ ಬಂದಾಗ ಅಂಥದೇ ಒಂದು ಲಿಬರೇಟರನ್ನು ರಟ್ಟಿನ ಡಬ್ಬಿಯಲ್ಲಿ ಹತ್ತಿಯ ಮೇಲೆ ಇಟ್ಟುಕೊಂಡು ತಂದಿದ್ದ. 1944ರಲ್ಲಿ ಬಂಗಾಳದ ನೆಲೆಯಿಂದ ಹಾರಿದ ಬ್ರಿಟಿಷ್ ದಳದ್ದು. ವರ್ತುಲದಲ್ಲಿ ಕೆಂಪು ಇರಲಿಲ್ಲ, ಕಡುನೀಲಿಯೊಳಗೆ ತಿಳಿನೀಲಿ ಮಾತ್ರ. ಯಾಕೆಂದರೆ ಜಪಾನಿನ ಗುರುತು ಕೆಂಪು ಸೂರ್ಯ. ಕಾಳಗದ ಗಡಿಬಿಡಿಯಲ್ಲಿ ಒಂದು ಚುಕ್ಕಿ ಕೆಂಪು ಕಂಡರೂ ತಮ್ಮವರೇ ತಮ್ಮವರಿಗೆ ಗುಂಡು ಹೊಡೆಯುವ ಭಯ. ಅದಕ್ಕೇ 1943ರಿಂದ ಈ ರಂಗದಲ್ಲಿ ಬ್ರಿಟಿಷ್, ಭಾರತೀಯ ವಿಮಾನಗಳೆಲ್ಲ ಕೆಂಪನ್ನು ತೆಗೆದುಹಾಕಿದವು. ಇದನ್ನೆಲ್ಲ ಅವನು ಉತ್ಸಾಹದಿಂದ ಹೇಳುತ್ತಿದ್ದಾಗ ನಮ್ಮಮ್ಮ ಪಡಸಾಲೆಯಲ್ಲಿ ಕೂತು ಹುಣಸೆಹಣ್ಣು ಬಿಡಿಸುತ್ತಿದ್ದರು. ವಿಮಾನವನ್ನು ಕಣ್ಣ ಹತ್ತಿರ ಹಿಡಿದು, ‘ಒಣಗಿದ ಅವರೆ ಸೊಪ್ಪಿನ ಬಣ್ಣ ಐತೆ’ ಎಂದರು. ಹುಡುಗನಿಗೆ ಖುಷಿಯೋ ಖುಷಿ. ಬಿಸಿಲಿಗೆ ಮಾಸಿದ ಆಲಿವ್ ಡ್ರಾಬ್ ಅಂದರೆ ಅದೇ, ಎಷ್ಟು ಸಲ ಕಲಸಿದ್ದೀನಿ ಗೊತ್ತಾ ಅಜ್ಜಿ ಎಂದ. ಅಮ್ಮ ಕೇಳಿದರು:

‘ಬಾಂಬ್ ಹಾಕೋದೇನಪ್ಪಾ ಇದು?’

‘ಹೂಂ ಅಜ್ಜಿ.’

‘ಯಾರ ಮ್ಯಾಲೆ ಹಾಕಿತ್ತು?’

ಹುಡುಗನಿಗೆ ಕಾರ್ಖಾನೆ ಗೊತ್ತಿತ್ತು, ಬಣ್ಣದ ನಂಬರು ಗೊತ್ತಿತ್ತು, ಬಾಲದ ಮೇಲಿನ ಅಕ್ಷರ ಯಾಕೆ ಓರೆಯಾಗಿದೆ ಎಂಬುದೂ ಗೊತ್ತಿತ್ತು. ಇದಕ್ಕೆ ಮಾತ್ರ ‘ಜಪಾನ್ ಮೇಲೆ’ ಎಂದು ಗೊಣಗಿ ಸುಮ್ಮನಾದ. ಅಮ್ಮ ‘ಪಾಪ’ ಎಂದು ಹುಣಸೆಹಣ್ಣಿನ ಕಡೆ ತಿರುಗಿದರು. ಪಾಪ ಎಂದದ್ದು ಯಾರಿಗೆ ಎಂದು ನಾನು ಕೇಳಲಿಲ್ಲ.

ಆಮೇಲೆ ಅವನೇ ಹುಡುಕಿದ. ಬಂಗಾಳದಿಂದ ಹಾರಿದ ಲಿಬರೇಟರ್‌ಗಳ ಗುರಿಗಳಲ್ಲಿ ರಂಗೂನ್ ಇತ್ತು, ಬರ್ಮಾ-ಸಯಾಮ್ ರೈಲುದಾರಿ ಮತ್ತು ಅದರ ಸೇತುವೆಗಳು ಇದ್ದವು. ಆ ರೈಲುದಾರಿಯನ್ನು ಜಪಾನೀಯರು ಕಟ್ಟಿಸಿದ್ದು ಯುದ್ಧಕೈದಿಗಳಿಂದ ಮತ್ತು ಏಷ್ಯಾದ ಕೂಲಿಗಳಿಂದ. ಮಲಯದ ರಬ್ಬರ್ ತೋಟಗಳಿಂದ ಒಯ್ದ ತಮಿಳರು ಸಾವಿರಾರು ಮಂದಿ ಅಲ್ಲಿ ಕಾಲರಾಕ್ಕೆ, ಹಸಿವಿಗೆ ಸತ್ತರು. ಸೇತುವೆಗಳ ಪಕ್ಕದಲ್ಲೇ ಕೈದಿಗಳ ಶಿಬಿರಗಳಿದ್ದವು. ಸೇತುವೆಗೆ ಎಸೆದ ಬಾಂಬುಗಳಿಗೆ ಶಿಬಿರದವರೂ ಬಲಿಯಾದರು. ತಮ್ಮ ಕಡೆಯ ವಿಮಾನ ಬಂತೆಂದು ತಲೆಯೆತ್ತಿ ನೋಡಿದವರ ಮೇಲೆ ತಮ್ಮ ಕಡೆಯ ಬಾಂಬು ಬಿತ್ತು. ಅವರಿಗೆ ಕಂಡ ಬಣ್ಣ ಆ ವಿಮಾನದ ಹೊಟ್ಟೆಯದು.

ಇಂಗ್ಲಿಷ್ ತತ್ವಜ್ಞಾನಿ ಬರ್ನಾರ್ಡ್ ವಿಲಿಯಮ್ಸ್ 2002ರಲ್ಲಿ ಸತ್ಯ ಮತ್ತು ಸತ್ಯವಂತಿಕೆಯ ಬಗ್ಗೆ ಒಂದು ಪುಸ್ತಕ ಬರೆದ. ಸತ್ಯವಂತಿಕೆಯಲ್ಲಿ ಎರಡು ಗುಣಗಳಿವೆ ಎಂದು ಅವನ ವಾದ. ಒಂದು ನಿಖರತೆ: ನಂಬುವುದಕ್ಕೆ ಮುಂಚೆ ಸರಿಯಾಗಿ ತಿಳಿಯಲು ಪಡುವ ಶ್ರಮ. ಇನ್ನೊಂದು ಪ್ರಾಮಾಣಿಕತೆ: ನಂಬಿದ್ದನ್ನೇ ಹೇಳುವುದು. ಎರಡೂ ಬೇಕು. ಶ್ರಮವಿಲ್ಲದ ಪ್ರಾಮಾಣಿಕತೆ ನಮ್ಮಲ್ಲಿ ಧಾರಾಳವಾಗಿದೆ. ಮೊಬೈಲಿಗೆ ಬಂದದ್ದನ್ನು ಮನಸಾರೆ ನಂಬಿ ಮನಸಾರೆ ಹಂಚುವವರು ಯಾರೂ ಅಪ್ರಾಮಾಣಿಕರಲ್ಲ. ಮಾದರಿ ಮಾಡುವವರಲ್ಲಿ ಈ ಮೊದಲನೆಯ ಗುಣ ಅಪರೂಪಕ್ಕೆ ಕಾಣುವಷ್ಟು ಗಟ್ಟಿಯಾಗಿದೆ. ತನಗೆ ಇಷ್ಟವಾದ ಹಸಿರನ್ನು ಬಿಟ್ಟು, ಇದ್ದ ಹಸಿರಿಗಾಗಿ ಮೂರು ತಿಂಗಳು ಕಾಯುವುದು ಸಣ್ಣ ಮಾತಲ್ಲ. ತನ್ನ ಇಚ್ಛೆಯನ್ನು ಲೋಕದಲ್ಲಿ ಇದ್ದದ್ದರ ಮುಂದೆ ಬಗ್ಗಿಸುವ ಅಭ್ಯಾಸ ಅದು, ಗೊಂಬೆಯ ಮೇಲೇ ಆಗಲಿ.

ಆದರೆ ಈ ಎರಡು ಗುಣಗಳೂ ಇದ್ದು ಏನೋ ತಪ್ಪಿಹೋಗುವುದುಂಟು. ಹಿರೋಶಿಮಾದ ಮೇಲೆ ಬಾಂಬು ಹಾಕಿದ ‘ಎನೋಲಾ ಗೇ’ ವಿಮಾನವನ್ನು ಅಮೆರಿಕದ ಸ್ಮಿತ್‌ಸೋನಿಯನ್ ಸಂಸ್ಥೆ ವರ್ಷಾನುಗಟ್ಟಲೆ ದುಡಿದು ಹೊಸದರಂತೆ ಮಾಡಿತು. ಬಾಲದ ಮೇಲಿನ ಗುರುತೂ ಆವತ್ತಿನದೇ: ವೃತ್ತದೊಳಗೆ ‘ಆರ್’ ಅಕ್ಷರ. ಅದು ಆ ವಿಮಾನದ ಸ್ವಂತ ದಳದ್ದಲ್ಲ. ಶತ್ರುವನ್ನು ಏಮಾರಿಸಲು ಹಾಕಿಕೊಂಡಿದ್ದ ಬೇರೊಂದು ದಳದ ಗುರುತು. ಆ ಮೋಸವನ್ನೂ ನಿಖರವಾಗಿ ಮರಳಿ ಬರೆದರು. 1995ರಲ್ಲಿ, ಯುದ್ಧ ಮುಗಿದ ಐವತ್ತನೆಯ ವರ್ಷಕ್ಕೆ, ಬಾಂಬಿನ ಪರಿಣಾಮವನ್ನೂ ಕೆಳಗಿದ್ದ ಜನರ ಪಾಡನ್ನೂ ತೋರಿಸುವ ದೊಡ್ಡ ಪ್ರದರ್ಶನ ಮಾಡಬೇಕೆಂದಿದ್ದರು. ಮಾಜಿ ಸೈನಿಕರ ಸಂಘಗಳು, ರಾಜಕಾರಣಿಗಳು ಎದ್ದು ನಿಂತರು. ಪ್ರದರ್ಶನ ರದ್ದಾಯಿತು, ನಿರ್ದೇಶಕ ಮಾರ್ಟಿನ್ ಹಾರ್ವಿಟ್ ರಾಜೀನಾಮೆ ಕೊಟ್ಟರು. 2003ರ ಡಿಸೆಂಬರಿನಲ್ಲಿ ಇಡೀ ವಿಮಾನ ವಾಷಿಂಗ್ಟನ್ ಹತ್ತಿರದ ಹೊಸ ಕಟ್ಟಡದಲ್ಲಿ ಹೊಳೆಯುತ್ತ ನಿಂತಿತು. ಫಲಕದಲ್ಲಿ ರೆಕ್ಕೆಯ ಅಗಲ, ತೂಕ, ವೇಗ ಇದ್ದವು. ಸತ್ತವರ ಸಂಖ್ಯೆ ಇರಲಿಲ್ಲ. ಬಾಂಬಿನಿಂದ ಬದುಕುಳಿದವರು ಜಪಾನಿನಿಂದ ಬಂದು ಅಲ್ಲೇ ಪ್ರತಿಭಟಿಸಿದರು.

ಆ ಫಲಕದಲ್ಲಿ ಒಂದು ಸುಳ್ಳೂ ಇಲ್ಲ. ಬರೆದವರು ನಂಬಿದ್ದನ್ನೇ ಬರೆದರು, ಅಳತೆ ಮಾಡಿಯೇ ಬರೆದರು. ವಿಲಿಯಮ್ಸನ ಎರಡು ಗುಣಗಳಿಂದ ಹಿಡಿಯಲಾಗದ ತಪ್ಪು ಇದು. ನಿಖರತೆಯನ್ನು ಎಲ್ಲಿ ನಿಲ್ಲಿಸಬೇಕೆಂದು ಗೆರೆ ಎಳೆಯುವ ಕೈ ನಿಖರತೆಯ ಹೊರಗೆ ಇರುತ್ತದೆ. ತಗಡಿನ ತನಕ ಪ್ರತಿ ರಿವೆಟ್ಟನ್ನೂ ಎಣಿಸಿ, ತಗಡಿನಿಂದ ಕೆಳಗೆ ಬಿದ್ದದ್ದಕ್ಕೆ ಮಾತ್ರ ‘ಅದು ನಮ್ಮ ವಿಷಯವಲ್ಲ’ ಎಂದರೆ, ಮೊದಲಿನ ಎಣಿಕೆಯೆಲ್ಲ ಒಂದು ಪರದೆಯಾಗುತ್ತದೆ. ಹೆಚ್ಚು ನಿಖರವಾದಷ್ಟೂ ಪರದೆ ದಪ್ಪ.

ಗೆರೆಯನ್ನು ಕಾನೂನು ಎಳೆದಾಗ ಏನಾಗುತ್ತದೆ ಎಂಬುದಕ್ಕೆ ಜರ್ಮನಿ ಇದೆ. ಅಲ್ಲಿ ನಾಜಿ ಚಿಹ್ನೆಗಳಿಗೆ ನಿಷೇಧವಿರುವುದರಿಂದ ಮಾದರಿ ವಿಮಾನದ ಪೆಟ್ಟಿಗೆಯ ಮೇಲಿನ ಚಿತ್ರದಲ್ಲಿ ಬಾಲದ ಸ್ವಸ್ತಿಕ ಇರುವುದಿಲ್ಲ, ಒಳಗಿನ ಅಂಟುಚಿತ್ರಗಳಲ್ಲೂ ಇರುವುದಿಲ್ಲ, ಇದ್ದರೂ ಎರಡು ತುಂಡಾಗಿರುತ್ತದೆ. ಉಳಿದೆಲ್ಲ ಬಣ್ಣ ಸರಿ, ಬಾಲ ಬೋಳು. ದೀಪಾವಳಿಗೆ ಹೊಸ್ತಿಲ ಮೇಲೆ, ಹೊಸ ಲೆಕ್ಕದ ಪುಸ್ತಕದ ಮೇಲೆ ಅರಿಶಿನ ಕುಂಕುಮದಲ್ಲಿ ಅದೇ ಆಕಾರ ಬರೆಯುವ ನಮಗೆ ಈ ಎಚ್ಚರಿಕೆ ಬೇಗ ಅರ್ಥವಾಗದು. ನನಗೆ ಆ ಕಾನೂನು ಸರಿಯೆಂದೇ ತೋರುತ್ತದೆ. ಬೋಳು ಬಾಲ ಇತಿಹಾಸಕ್ಕೆ ತಪ್ಪಿರಬಹುದು, ಆದರೆ ನೋಡಿದವನು ‘ಇಲ್ಲೇನಿತ್ತು?’ ಎಂದು ಕೇಳುತ್ತಾನೆ. ಹೊಳೆಯುವ ಬಾಲ ನೋಡಿದವನು ಏನನ್ನೂ ಕೇಳುವುದಿಲ್ಲ.

ಕಳೆದುಹೋದದ್ದನ್ನು ಕಳೆದುಹೋಗಿದೆ ಎಂದು ತೋರಿಸಿಯೇ ತುಂಬುವ ಒಂದು ವಿದ್ಯೆ ಅದೇ ಯುದ್ಧದಿಂದ ಹುಟ್ಟಿತು. 1944ರಲ್ಲಿ ಇಟಲಿಯ ವಿಟೆರ್ಬೊ ಊರಿನ ಒಂದು ಇಗರ್ಜಿ ಬಾಂಬಿಗೆ ಸಿಕ್ಕಿ, ಹದಿನೈದನೆಯ ಶತಮಾನದ ಭಿತ್ತಿಚಿತ್ರಗಳು ಚೂರುಚೂರಾದವು. ಇಗರ್ಜಿಯ ಹೆಸರು ‘ಸತ್ಯದ ಮರಿಯಮ್ಮ’ ಎಂದೇ. ಚೇಸರೆ ಬ್ರಾಂಡಿ ಎಂಬ ವಿದ್ವಾಂಸನ ಮುಂದಾಳುತನದಲ್ಲಿ ಸಂರಕ್ಷಕರು ಚೂರುಗಳನ್ನು ಹೊಂದಿಸಿ, ಸಿಗದೆ ಹೋದ ಜಾಗಗಳನ್ನು ಸಣ್ಣ ಸಣ್ಣ ನೆಟ್ಟನೆಯ ಗೆರೆಗಳಿಂದ ತುಂಬಿದರು. ದೂರ ನಿಂತವನಿಗೆ ಗೆರೆಗಳು ಕಲೆತು ಬಣ್ಣವಾಗುತ್ತವೆ, ಚಿತ್ರ ಇಡಿಯಾಗಿ 
ಕಾಣುತ್ತದೆ. ಹತ್ತಿರ ಹೋದರೆ ಗೆರೆಗಳು ಬಿಡಿಬಿಡಿಯಾಗಿ, ಇದು ಹಳೆಯ ಚಿತ್ರಕಾರ ಬರೆದದ್ದಲ್ಲ, ನಾವು ತುಂಬಿದ್ದು ಎಂದು ಒಪ್ಪಿಕೊಳ್ಳುತ್ತವೆ. ಊಹೆಗೂ ಅದರದೇ ಆದ ಸಭ್ಯತೆ ಇರಬಹುದು ಎಂದು ನನಗೆ ಗೊತ್ತಾದದ್ದು ಇದನ್ನು ಓದಿದಾಗ. ಮಾದರಿ ವಿಮಾನದ ಜನ ಇದನ್ನು ಕಲಿತರೆ ಒಳ್ಳೆಯದಿತ್ತು. ಅವರ ಪೈಕಿ ಬಹಳ ಮಂದಿ, ಊಹೆ ಮಾಡಿದ ಜಾಗವನ್ನೇ ಎಲ್ಲಕ್ಕಿಂತ ನುಣುಪಾಗಿ ಬಳಿಯುತ್ತಾರೆ.

ಇಷ್ಟು ಹೇಳಿದ ಮೇಲೆ, ಇದೊಂದು ಹವ್ಯಾಸ, ಇದಕ್ಕೆ ಧರ್ಮಶಾಸ್ತ್ರ ಯಾಕೆ ಎಂದು ಯಾರಾದರೂ ಕೇಳಿದರೆ ಅದು ನ್ಯಾಯವೇ. ಮಗು ವಿಮಾನಕ್ಕೆ ಗುಲಾಬಿ ಬಣ್ಣ ಹಚ್ಚಿದರೆ ಯಾವ ತಪ್ಪೂ ಇಲ್ಲ. ಅದು ಯಾವ ಸತ್ತವರಿಗೂ ಮಾತು ಕೊಟ್ಟಿಲ್ಲ. ‘ಇದು ಹೀಗೇ ಇತ್ತು’ ಎಂದು ಹೇಳಿದವನು ಮಾತ್ರ ಸಾಲಗಾರ. ಅವನು ಆ ಸಾಲವನ್ನು ಬಣ್ಣದಲ್ಲಷ್ಟೇ ತೀರಿಸಿ ಎದ್ದುಹೋಗುವಂತಿಲ್ಲ ಎಂಬುದು ನನ್ನ ತಕರಾರು.

ತಕರಾರಿನ ಜೊತೆಗೆ ಅವರ ಪರವಾಗಿ ಒಂದು ಮಾತನ್ನೂ ಹೇಳಬೇಕು, ಅದು ನಮ್ಮ ಕೊಡಗಿನವರೊಬ್ಬರ ಕತೆ. 1965ರ ಸೆಪ್ಟೆಂಬರ್ 7ರ ಬೆಳಗ್ಗೆ ಪಂಜಾಬಿನ ಆದಂಪುರದಿಂದ ಮಿಸ್ಟೇರ್ ವಿಮಾನಗಳು ಪಾಕಿಸ್ತಾನದ ಸರ್ಗೋಧಾ ವಾಯುನೆಲೆಯ ಮೇಲೆ ದಾಳಿಗೆ ಹೊರಟವು. ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ಬೋಪಯ್ಯ ದೇವಯ್ಯ ಬದಲಿಯಾಗಿ ಇದ್ದವರು. ಯಾರದಾದರೂ ವಿಮಾನ ಕೈಕೊಟ್ಟರೆ ಹೋಗಬೇಕಾದವರು. ಹೋದರು, ಹಿಂತಿರುಗಲಿಲ್ಲ. ಏನಾಯಿತೆಂದು ನಮ್ಮವರು ಯಾರೂ ನೋಡಿರಲಿಲ್ಲ. ಕಡತದಲ್ಲಿ ‘ಕಾಣೆಯಾದವರು’ ಎಂದಾಯಿತು. 1979ರಲ್ಲಿ ಜಾನ್ ಫ್ರಿಕರ್ ಎಂಬ ಬ್ರಿಟಿಷ್ ಲೇಖಕ ಪಾಕಿಸ್ತಾನದ ಕಡೆಯ ಯುದ್ಧಕತೆಯನ್ನು ಬರೆದಾಗ ಅದರಲ್ಲಿ ಒಂದು ವಿವರವಿತ್ತು: ಆ ಬೆಳಗ್ಗೆ ಪಾಕಿಸ್ತಾನದ ಒಂದು ಎಫ್-104 ಸ್ಟಾರ್‌ಫೈಟರ್, ತನಗಿಂತ ಎಷ್ಟೋ ನಿಧಾನದ ಒಂದು ಮಿಸ್ಟೇರ್ ಜೊತೆಗಿನ ಕಾಳಗದಲ್ಲಿ ಬಿದ್ದುಹೋಗಿತ್ತು. ಅದರ ಪೈಲಟ್ ಅಮ್ಜದ್ ಹುಸೇನ್ ಪ್ಯಾರಾಚೂಟಿನಿಂದ ಬದುಕಿದ್ದರು. ಯಾವ ಮಿಸ್ಟೇರ್? ಹೊತ್ತು, ದಿಕ್ಕು, ಜಾಗಗಳನ್ನು ನಮ್ಮ ಕಡೆಯ ದಾಖಲೆಗಳೊಂದಿಗೆ ಕೂಡಿಸಿ ನೋಡಿದಾಗ ಉಳಿದ ಹೆಸರು ಒಂದೇ. 1988ರಲ್ಲಿ, ಇಪ್ಪತ್ತಮೂರು ವರ್ಷದ ಮೇಲೆ, ದೇವಯ್ಯನವರಿಗೆ ಮರಣೋತ್ತರ ಮಹಾವೀರ ಚಕ್ರ ಬಂತು. ಮಡಿಕೇರಿಯಲ್ಲಿ ಅವರ ಹೆಸರಿನ ವೃತ್ತವಿದೆ.

ಈ ನ್ಯಾಯ ಸಿಕ್ಕಿದ್ದು ಭಾಷಣದಿಂದಲ್ಲ. ಯಾವ ವಿಮಾನ, ಎಷ್ಟು ಗಂಟೆಗೆ, ಯಾವ ಕಡೆಗೆ ಎಂಬ ಒಣ ವಿವರಗಳನ್ನು ಬರೆದಿಟ್ಟವರಿಂದ, ಅದರಲ್ಲೂ ಒಬ್ಬರು ಶತ್ರುಪಕ್ಷದವರು, ಮತ್ತು ದಶಕಗಳ ಮೇಲೆ ಅವುಗಳನ್ನು ಹೊಂದಿಸಿ ನೋಡುವ ತಾಳ್ಮೆ ಇದ್ದವರಿಂದ. ಒಂದು ರೆಕ್ಕೆಯ ಹಸಿರಿಗಾಗಿ ಮೂರು ತಿಂಗಳು ಕಾಯುವ ಸ್ವಭಾವ, ಇಂಥ ಒಂದು ಹೆಸರಿಗಾಗಿ ಇಪ್ಪತ್ತಮೂರು ವರ್ಷದ ಕಡತ ತಿರುವುವ ಸ್ವಭಾವ, ಎರಡೂ ಒಂದೇ ಬಳ್ಳಿಯವು. ಮೊದಲನೆಯದನ್ನು ನಕ್ಕು ಓಡಿಸಿದ ಊರಿನಲ್ಲಿ ಎರಡನೆಯದು ಎಲ್ಲಿಂದ ಬರಬೇಕು?

ನಮ್ಮ ಹುಡುಗ ಈಗ ಒಂದು ಮಿಸ್ಟೇರ್ ಕಿಟ್ ತರಿಸಿದ್ದಾನೆ. 1965ರ ಯುದ್ಧಕ್ಕೆ ನಮ್ಮ ಕೆಲವು ವಿಮಾನಗಳು ಬರಿಲೋಹದ ಹೊಳಪಿನಲ್ಲೇ ಹೋದವು. ಸೆಪ್ಟೆಂಬರ್ 6ರಂದು ಪಠಾಣಕೋಟೆಯಲ್ಲಿ, ಮರುದಿನ ಕಲೈಕುಂಡದಲ್ಲಿ ನಿಂತಲ್ಲೇ ಸುಟ್ಟುಹೋದ ಮೇಲೆ ಸಿಕ್ಕ ಹಸಿರು ಕಂದುಗಳನ್ನು ಕೈಗೆ ಬಂದಂತೆ ಬಳಿದರು. ಹಾಗಾಗಿ ಮಿಸ್ಟೇರ್‌ಗಳ ಬಣ್ಣ ಯಾವುದು ಎಂದು ಕೇಳಿದರೆ ಸಾಲದು, ಆ ಬೆಳಗ್ಗೆ ಆ ಒಂದು ಮಿಸ್ಟೇರ್ ಹೇಗಿತ್ತು ಎಂದು ಕೇಳಬೇಕು. ಅವನು ಕಿಟ್ ಬಿಚ್ಚಿಲ್ಲ. ಬಿಚ್ಚಿದ ಮೇಲೆ ಪೀಠದ ಮೇಲೆ ಏನು ಬರೆಯುವುದು ಎಂದು ಮೊನ್ನೆ ಫೋನಿನಲ್ಲಿ ಕೇಳಿದ. ಎರಡು ಹೆಸರು ಬರೀಬೇಕು ಮಾವ, ಅಮ್ಜದ್ ಹುಸೇನ್‌ದೂ ಬರೀಬೇಕು ಅಂತಿದ್ದೀನಿ, ಆತ ಬದುಕಿ ಉಳಿದದ್ದಕ್ಕೆ ತಾನೇ ನಮಗೆ ಗೊತ್ತಾದದ್ದು ಎಂದ. ಕನ್ನಡದಲ್ಲಿ ಬರಿ ಎಂದೆ. ಲಿಬರೇಟರ್ ಮಾತ್ರ ಬಾಗೂರಿನಲ್ಲೇ ಉಳಿದಿದೆ, ಷೋಕೇಸಿನೊಳಗೆ. ಕೆಳಗೆ ಅವನೇ ಅಂಟಿಸಿದ ಚೀಟಿಯಲ್ಲಿ ವಿಮಾನದ ಹೆಸರು, ವರ್ಷ, ಆಮೇಲೆ ರೈಲುದಾರಿಯ ಹೆಸರು ಇದೆ.